ಪ್ಲಾನ್ ಬದಲಿಸೋದು ಸುಲಭ, ವಾಪಸ್ ಬರೋದು ಕೇಳ್ಬೇಡಿ

1/8

ಫೋಟೊದಲ್ಲಿರೋದು ನಮ್ಮ ದೊಡ್ಡಪ್ಪನ ಮನೆ ಊಟದ ಟೇಬಲ್. ಕಾಫಿ ಲೋಟದ ಹಿಂದೆ ಕಾಣ್ತಿರೋ ಕಾಗದದ ರಾಶಿ ಎರಡೇ ತಿಂಗಳಲ್ಲಿ ಪೋಸ್ಟಲ್ಲಿ ಬಂದಿದ್ದು. ಎಲ್ಲಾದ್ರ ಮೇಲೂ ಬಿಳಿ ಕೂದಲಿನ ಗಂಡ ಹೆಂಡತಿ ನಗ್ತಾ ಇರ್ತಾರೆ. ಎಲ್ಲಾದ್ರಲ್ಲೂ ಒಂದೇ ಮಾತು: ಬದಲಾಯಿಸಿ, ದುಡ್ಡು ಉಳಿಸಿ.

ನಿಮ್ಮನೆಗೂ ಬಂದಿರುತ್ತೆ. ನೀವು ಬಿಚ್ಚಿ ನೋಡಿರಲ್ಲ. ನಾನೂ ನೋಡಿರ್ಲಿಲ್ಲ, ಅದಕ್ಕೇ ಇಷ್ಟುದ್ದ ಬರೀಬೇಕಾಗಿ ಬಂದಿದೆ.

ಭಾನುವಾರದ ಕನ್ನಡ ಕ್ಲಾಸಲ್ಲಿ ನನ್ನ ಜೊತೆ ಕೂತು ಒತ್ತಕ್ಷರಕ್ಕೆ ಒದ್ದಾಡಿದೋರೆಲ್ಲ ದಯವಿಟ್ಟು ಎಂಟೂ ಓದಿ. ಬೆಂಗಳೂರು, ಮೈಸೂರು, ಹಾಸನದಿಂದ ಫಾಲೋ ಮಾಡ್ತಿರೋರಿಗೆ: ಇದು ಅಮೆರಿಕದಲ್ಲಿ 65 ದಾಟಿದವರ ಸರ್ಕಾರಿ ಆರೋಗ್ಯ ವಿಮೆ, ಮೆಡಿಕೇರ್, ಅದರ ವಿಷಯ. ನಿಮ್ಮ ಅತ್ತೆಯೋ ಚಿಕ್ಕಪ್ಪನೋ ಇಲ್ಲಿದ್ರೆ ಅವರಿಗೆ ಕಳಿಸಿ. ಡಿಸೆಂಬರ್ 7ರ ಒಳಗೆ ಕಳಿಸಿ, ಆಮೇಲೆ ಕಳಿಸಿ ಪ್ರಯೋಜನ ಇಲ್ಲ.

ದೊಡ್ಡಪ್ಪನ್ನ ಕೇಳಿಯೇ ಬರೀತಿದ್ದೀನಿ. "ಬರಿ, ಆದ್ರೆ ನನ್ನ ಮುಖ ಹಾಕ್ಬೇಡ" ಅಂದ್ರು. ಹಾಗಾಗಿ ಲೋಟ.

2/8

ಗೊತ್ತಿರೋರು ಇದನ್ನ ದಾಟಿ ಮುಂದೆ ಹೋಗಿ. ಗೊತ್ತಿಲ್ಲದೋರು ಎರಡು ನಿಮಿಷ ಕೂತ್ಕೊಳ್ಳಿ.

ಮೆಡಿಕೇರ್ ಶುರುವಾಗಿದ್ದು 1965ರಲ್ಲಿ, ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾನೂನಿಂದ. ಪಾರ್ಟ್ ಎ ಅಂದ್ರೆ ಆಸ್ಪತ್ರೆ, ಪಾರ್ಟ್ ಬಿ ಅಂದ್ರೆ ಡಾಕ್ಟರು, ಟೆಸ್ಟು ಇತ್ಯಾದಿ. ಇದನ್ನ ಒರಿಜಿನಲ್ ಮೆಡಿಕೇರ್ ಅಂತಾರೆ. ದೇಶದಲ್ಲಿ ಮೆಡಿಕೇರ್ ತಗೊಳ್ಳೋ ಯಾವ ಡಾಕ್ಟರ ಹತ್ರ ಬೇಕಾದ್ರೂ ಹೋಗಬಹುದು. ತೊಂದರೆ ಏನಂದ್ರೆ, ಪಾರ್ಟ್ ಬಿ ಸಾಮಾನ್ಯವಾಗಿ 80 ಪರ್ಸೆಂಟ್ ಮಾತ್ರ ಕೊಡುತ್ತೆ. ಉಳಿದ 20 ನಿಮ್ಮದು, ಅದಕ್ಕೆ ಮಿತಿ ಅನ್ನೋದೇ ಇಲ್ಲ. ಲಕ್ಷ ಡಾಲರ್ ಬಿಲ್ ಬಂದ್ರೆ 20 ಸಾವಿರ ನಿಮ್ಮ ತಲೆ ಮೇಲೆ. ಆ ಸಂದು ಮುಚ್ಚೋಕೆ ಜನ ಖಾಸಗಿ ಕಂಪನಿಯಿಂದ ಮೆಡಿಗ್ಯಾಪ್ ಅನ್ನೋ ಪಾಲಿಸಿ ಕೊಳ್ತಾರೆ, ತಿಂಗಳು ತಿಂಗಳು ಪ್ರೀಮಿಯಂ ಕಟ್ತಾರೆ. ಮಾತ್ರೆಗೆ ಬೇರೆ, ಪಾರ್ಟ್ ಡಿ.

ಇನ್ನೊಂದು ದಾರಿ ಮೆಡಿಕೇರ್ ಅಡ್ವಾಂಟೇಜ್, ಪಾರ್ಟ್ ಸಿ. ಸರ್ಕಾರ ದುಡ್ಡನ್ನ ಖಾಸಗಿ ಕಂಪನಿಗೆ ಕೊಡುತ್ತೆ, ಕಂಪನಿ ನಿಮ್ಮನ್ನ ನೋಡ್ಕೊಳ್ಳುತ್ತೆ. ಬಹಳಷ್ಟು ಪ್ಲಾನಿಗೆ ಹೆಚ್ಚುವರಿ ಪ್ರೀಮಿಯಂ ಸೊನ್ನೆ. ಮಾತ್ರೆ ಸೇರಿರುತ್ತೆ, ಹಲ್ಲು, ಕನ್ನಡಕ, ಜಿಮ್ ಎಲ್ಲ ಸೇರಿಸ್ತಾರೆ. ವರ್ಷದ ಖರ್ಚಿಗೆ ಮಿತಿಯೂ ಇರುತ್ತೆ. ಬದಲಿಗೆ ಎಷ್ಟೋ ಪ್ಲಾನಲ್ಲಿ ಅವರ ನೆಟ್‌ವರ್ಕಿನ ಡಾಕ್ಟರ ಹತ್ರಾನೇ ಹೋಗಬೇಕು, ಎಷ್ಟೋ ಚಿಕಿತ್ಸೆಗೆ ಮೊದಲೇ ಕಂಪನಿ ಅನುಮತಿ ಬೇಕು. ಪಾರ್ಟ್ ಬಿ ಪ್ರೀಮಿಯಂ ಎರಡು ದಾರಿಯಲ್ಲೂ ಕಟ್ಟಲೇಬೇಕು (2025ರಲ್ಲಿ ತಿಂಗಳಿಗೆ 185 ಡಾಲರ್), ಆ "ಸೊನ್ನೆ" ಅದನ್ನ ಬಿಟ್ಟು.

ಇವತ್ತು ಅರ್ಧಕ್ಕಿಂತ ಹೆಚ್ಚು ಜನ ಈ ಎರಡನೇ ದಾರಿಯಲ್ಲಿದ್ದಾರೆ. ಅವರೆಲ್ಲ ದಡ್ಡರು ಅಂತ ನಾನು ಹೇಳ್ತಿಲ್ಲ. ಮೆಡಿಗ್ಯಾಪ್ ಕಟ್ಟೋಕೆ ಆಗದೋರಿಗೆ ಅಡ್ವಾಂಟೇಜ್ ಒಂದು ಆಸರೆ, ಒಪ್ತೀನಿ. ನನ್ನ ಜಗಳ ಪ್ಲಾನಿನ ಜೊತೆ ಅಲ್ಲ, ಅದರ ಬಾಗಿಲ ಜೊತೆ.

3/8

ದೊಡ್ಡಪ್ಪ 1987ರಲ್ಲಿ ಬಂದೋರು. ಮೂವತ್ತು ವರ್ಷ ಇಲ್ಲಿ ಇಂಜಿನಿಯರ್ ಕೆಲಸ ಮಾಡಿ, ರಿಟೈರ್ ಆಗಿ, 65 ತುಂಬಿದಾಗ ಒರಿಜಿನಲ್ ಮೆಡಿಕೇರ್ ಜೊತೆ ಮೆಡಿಗ್ಯಾಪ್ ಪ್ಲಾನ್ ಜಿ ತಗೊಂಡಿದ್ರು. ಪ್ರೀಮಿಯಂ ವರ್ಷ ವರ್ಷ ಏರ್ತಿತ್ತು, ಗೊಣಗ್ತಾ ಕಟ್ತಿದ್ರು.

2023ರ ನವೆಂಬರ್. ಯಾರದೋ ಮನೆ ದೀಪಾವಳಿ ಊಟ. ಬಿಸಿಬೇಳೆಬಾತ್ ತಟ್ಟೆ ಹಿಡ್ಕೊಂಡು ನಿಂತಿದ್ದಾಗ ಪರಿಚಯದ ಅಂಕಲ್ ಒಬ್ಬರು, ವಿಮೆ ಏಜೆಂಟ್, "ನೀವಿನ್ನೂ ತಿಂಗಳು ತಿಂಗಳು ದುಡ್ಡು ಕಟ್ತಿದ್ದೀರಾ ಸಾರ್?" ಅಂದ್ರಂತೆ. ಅಷ್ಟೇ. ಅವಮಾನ ಆದಹಾಗೆ ಆಯ್ತು ದೊಡ್ಡಪ್ಪಂಗೆ. ಎಂ.ಟೆಕ್ ಮಾಡಿದೋರು, ಸೊನ್ನೆ ಡಾಲರಿಗೆ ಸಿಗೋದಕ್ಕೆ ದುಡ್ಡು ಸುರೀತಿದ್ದೀನಿ ಅನ್ನಿಸ್ತು. ಮುಂದಿನ ವಾರ ಸಹಿ. 2024ರ ಜನವರಿ 1ರಿಂದ ಅಡ್ವಾಂಟೇಜ್ ಎಚ್‌ಎಂಒ. ಹಲ್ಲು ಕ್ಲೀನಿಂಗ್ ಫ್ರೀ, ಕನ್ನಡಕಕ್ಕೆ ದುಡ್ಡು. ದೊಡ್ಡಮ್ಮಂಗೂ ಅದನ್ನೇ ಮಾಡಿಸಿದ್ರು.

2024 ಪೂರ್ತಿ ಏನೂ ಆಗ್ಲಿಲ್ಲ. ದೊಡ್ಡಪ್ಪ ಎಲ್ಲರಿಗೂ ಹೇಳ್ಕೊಂಡು ಓಡಾಡಿದ್ರು.

2025ರ ಫೆಬ್ರವರಿಯಲ್ಲಿ ಎದೆ ನೋವು, ಸ್ಟೆಂಟ್. ನೆಟ್‌ವರ್ಕಿನ ಆಸ್ಪತ್ರೆ, ನೆಟ್‌ವರ್ಕಿನ ಡಾಕ್ಟರು, ಚೆನ್ನಾಗೇ ನೋಡ್ಕೊಂಡ್ರು. ಆಮೇಲೆ ಮೇ ತಿಂಗಳಲ್ಲಿ ಒಂದು ಪತ್ರ: ಆ ಹಾರ್ಟ್ ಡಾಕ್ಟರ ಗುಂಪೇ ಜೂನ್ ಕೊನೆಗೆ ನೆಟ್‌ವರ್ಕಿಂದ ಹೊರಗೆ. ಕಂಪನಿಗೂ ಡಾಕ್ಟರ ಗುಂಪಿಗೂ ದುಡ್ಡಿನ ಮಾತು ಮುರಿದಿತ್ತು.

ದೊಡ್ಡಪ್ಪ ಹೇಳಿದ್ದು, "ಸರಿ, ಹಾಗಾದ್ರೆ ನಾನೂ ಪ್ಲಾನ್ ಬಿಡ್ತೀನಿ."

ಬಿಡೋಕಾಗಲ್ಲ. ಇದೇ ನೋಡಿ ವಿಷಯ. ಪ್ಲಾನ್ ಬದಲಿಸೋ ಕಾಲ ಅಕ್ಟೋಬರ್ 15ರಿಂದ ಡಿಸೆಂಬರ್ 7. ಅಡ್ವಾಂಟೇಜಲ್ಲಿ ಇರೋರಿಗೆ ಜನವರಿ 1ರಿಂದ ಮಾರ್ಚ್ 31ರವರೆಗೆ ಇನ್ನೊಂದೇ ಒಂದು ಸಲ. ಊರು ಬಿಟ್ರೆ, ಪ್ಲಾನೇ ಮುಚ್ಚಿದ್ರೆ, ಹೀಗೆ ಕೆಲವು ವಿಶೇಷ ಕಾರಣಗಳಿಗೆ ಬೇರೆ ಅವಕಾಶ ಉಂಟು. ಆದ್ರೆ ನಿಮ್ಮ ಡಾಕ್ಟರು ನೆಟ್‌ವರ್ಕ್ ಬಿಟ್ರು ಅನ್ನೋದು ಸಾಮಾನ್ಯವಾಗಿ ಕಾರಣ ಆಗಲ್ಲ. ಅಂದ್ರೆ ಕಂಪನಿ ವರ್ಷದ ಮಧ್ಯೆ ಡಾಕ್ಟರನ್ನ ಬಿಡಬಹುದು, ಡಾಕ್ಟರು ಕಂಪನೀನ ಬಿಡಬಹುದು. ಎದೇಲಿ ಸ್ಟೆಂಟ್ ಇರೋನು ಮಾತ್ರ ಮುಂದಿನ ಜನವರಿವರೆಗೆ ಕಾಯಬೇಕು. ಇದನ್ನ ಒಪ್ಪಂದ ಅಂತ ಯಾವ ಬಾಯಲ್ಲಿ ಕರೀತಾರೋ.

4/8

ಇನ್ನೂ ಕಹಿಯಾದ್ದು ಇದೆ.

ಅಕ್ಟೋಬರ್ 15 ಬಂತು. "ಸಾಕಪ್ಪ, ಹಳೇ ಮೆಡಿಗ್ಯಾಪಿಗೇ ಹೋಗ್ತೀನಿ, ದುಡ್ಡು ಹೋದ್ರೆ ಹೋಗ್ಲಿ" ಅಂದ್ರು. ನಾನೇ ಕೂತು ಫಾರಂ ತುಂಬಿಸ್ದೆ. ಮೂರನೇ ಪುಟದಲ್ಲಿ ಪ್ರಶ್ನೆ: ಕಳೆದ ಎರಡು ವರ್ಷದಲ್ಲಿ ಹೃದಯದ ಚಿಕಿತ್ಸೆ ಆಗಿದೆಯಾ? ಆಗಿದೆ. ಕಂಪನಿ ಉತ್ತರ ಎಂಟೇ ದಿನದಲ್ಲಿ ಬಂತು: ಕೊಡೋಕಾಗಲ್ಲ. ಇನ್ನೊಂದು ಕಂಪನಿಗೆ ಹಾಕಿದ್ವಿ, ಅವರದ್ದೂ ಅದೇ.

ಇದು ಕಾನೂನುಬದ್ಧ. ಮೆಡಿಗ್ಯಾಪನ್ನ ಆರೋಗ್ಯ ಕೇಳದೆ ಕೊಡಲೇಬೇಕಾದ್ದು, 65 ತುಂಬಿ ಪಾರ್ಟ್ ಬಿ ಶುರುವಾದ ಮೇಲೆ ಆರು ತಿಂಗಳು ಮಾತ್ರ. ಆಮೇಲೆ ಹೆಚ್ಚಿನ ರಾಜ್ಯಗಳಲ್ಲಿ ಕಂಪನಿ ನಿಮ್ಮ ಕಾಯಿಲೆ ನೋಡಿ ಬೇಡ ಅನ್ನಬಹುದು, ಇಲ್ಲಾ ಜಾಸ್ತಿ ಕೇಳಬಹುದು. ಒರಿಜಿನಲ್ ಮೆಡಿಕೇರಿಗೆ ವಾಪಸ್ ಹೋಗೋಕೆ ದೊಡ್ಡಪ್ಪಂಗೆ ಯಾರೂ ಅಡ್ಡ ಇಲ್ಲ. ಆದ್ರೆ ಮೆಡಿಗ್ಯಾಪ್ ಇಲ್ಲದೆ ಹೋದ್ರೆ ಆ ಮಿತಿ ಇಲ್ಲದ 20 ಪರ್ಸೆಂಟ್ ಕಾಯ್ತಾ ಕೂತಿರುತ್ತೆ. ಮಳೆ ನಿಂತ ಮೇಲೆ ಮನೆಗೆ ಬಾ ಅಂತ ಕರೆದು, ಮನೆ ಚಾವಣಿ ತೆಗೆದಿಟ್ಟ ಹಾಗೆ.

ಇಲ್ಲೊಂದು ನಿಯಮ ಇದೆ, ಇದನ್ನ ಮಾತ್ರ ಸ್ಕ್ರೀನ್‌ಶಾಟ್ ಮಾಡ್ಕೊಳ್ಳಿ. ಮೆಡಿಗ್ಯಾಪ್ ಬಿಟ್ಟು ಮೊಟ್ಟಮೊದಲ ಸಲ ಅಡ್ವಾಂಟೇಜಿಗೆ ಹೋದೋರಿಗೆ ಹನ್ನೆರಡು ತಿಂಗಳ ಪರೀಕ್ಷಾ ಕಾಲ ಉಂಟು. ಆ ಒಳಗೆ ಬೇಡ ಅನ್ನಿಸಿದ್ರೆ ವಾಪಸ್ ಬಂದು ಅದೇ ಹಳೇ ಮೆಡಿಗ್ಯಾಪನ್ನ, ಕಂಪನಿ ಅದನ್ನ ಇನ್ನೂ ಮಾರ್ತಿದ್ರೆ, ಆರೋಗ್ಯದ ಪ್ರಶ್ನೆ ಇಲ್ಲದೆ ತಗೋಬಹುದು. ಅದನ್ನ ಮಾರ್ತಿಲ್ಲ ಅಂದ್ರೆ ಬೇರೆ ಕೆಲವು ಮೆಡಿಗ್ಯಾಪ್ ಪ್ಲಾನುಗಳಲ್ಲಿ ಒಂದು. 65ಕ್ಕೆ ನೇರವಾಗಿ ಅಡ್ವಾಂಟೇಜಿಗೆ ಸೇರಿದೋರಿಗೂ ಮೊದಲ ವರ್ಷ ಇಂಥದ್ದೇ ಹಕ್ಕಿದೆ.

ದೊಡ್ಡಪ್ಪನ ಹನ್ನೆರಡು ತಿಂಗಳು ಮುಗಿದಿದ್ದು 2024ರ ಡಿಸೆಂಬರ್ 31ಕ್ಕೆ. ಎದೆ ನೋವು ಬಂದಿದ್ದು ಫೆಬ್ರವರಿ 10ಕ್ಕೆ.

ಆ ಹಕ್ಕಿನ ಬಗ್ಗೆ ಊಟದ ತಟ್ಟೆ ಹಿಡ್ಕೊಂಡಿದ್ದಾಗಲೂ ಯಾರೂ ಹೇಳ್ಲಿಲ್ಲ, ಸಹಿ ಹಾಕೋವಾಗ್ಲೂ ಹೇಳ್ಲಿಲ್ಲ. ಹೇಳಿದ್ರೂ ಏನಾಗ್ತಿತ್ತು? ಆರೋಗ್ಯವಾಗಿದ್ದ ವರ್ಷದಲ್ಲಿ ವಿಮೆ ಚೆನ್ನಾಗಿದೆ ಅಂತಾನೇ ಅನ್ನಿಸುತ್ತೆ. ಪ್ಲಾನ್ ಟೆಸ್ಟ್ ಮಾಡೋಣ ಅಂತ ಯಾರೂ ಹಾರ್ಟ್ ಅಟ್ಯಾಕ್ ಮಾಡ್ಕೊಳ್ಳಲ್ಲ. ಪರೀಕ್ಷೆ ಬರೋದು ಪರೀಕ್ಷಾ ಕಾಲ ಮುಗಿದ ಮೇಲೇ.

5/8

ಫೋಟೊ: ಹಡ್ಸನ್ ನದಿ, ನಮ್ಮ ಕಡೆ ದಡದಿಂದ. ಆ ಕಡೆ ಕಾಣ್ತಿರೋದು ಮ್ಯಾನ್‌ಹಾಟನ್.

ಆ ದಡದಲ್ಲಿ ದೊಡ್ಡಪ್ಪ ಇದ್ದಿದ್ರೆ, ಸ್ಟೆಂಟ್ ಇದ್ರೂ, ಸಕ್ಕರೆ ಕಾಯಿಲೆ ಇದ್ರೂ, ಮೆಡಿಗ್ಯಾಪ್ ಸಿಗ್ತಿತ್ತು. ನ್ಯೂಯಾರ್ಕಲ್ಲಿ ವರ್ಷದ ಯಾವಾಗ ಕೇಳಿದ್ರೂ ಕೊಡಲೇಬೇಕು. ಕನೆಕ್ಟಿಕಟ್‌ನಲ್ಲೂ ಹಾಗೇ. ಮ್ಯಾಸಚೂಸೆಟ್ಸ್, ಮೇನ್ ರಾಜ್ಯಗಳಲ್ಲೂ 65 ದಾಟಿದೋರಿಗೆ ಪ್ರತಿ ವರ್ಷ ಅವಕಾಶ ಇದೆ. 2025ರಲ್ಲಿ ಇದ್ದದ್ದು ಈ ನಾಲ್ಕೇ. ನ್ಯೂಜೆರ್ಸಿ ಆ ಪಟ್ಟಿಯಲ್ಲಿಲ್ಲ. ನಮ್ಮೋರು ಜಾಸ್ತಿ ಇರೋ ಟೆಕ್ಸಸ್, ಕ್ಯಾಲಿಫೋರ್ನಿಯಾನೂ ಇಲ್ಲ. ಒಂದೇ ದೇಶ, ಒಂದೇ ಮೆಡಿಕೇರ್ ಕಾರ್ಡ್, ಮಧ್ಯ ಒಂದು ನದಿ.

ಮೊನ್ನೆ ಸ್ಟೋರಿಗೆ ಒಬ್ಬ ಕ್ಲಾಸ್‌ಮೇಟ್ ಮೆಸೇಜ್ ಹಾಕಿದ್ದ: "ಕಾಯಿಲೆ ಬಂದ ಮೇಲೆ ಎಲ್ಲರೂ ವಿಮೆ ಕೊಂಡ್ರೆ ವಿಮೆ ನಡೆಯೋದು ಹೆಂಗೆ? ಪ್ರೀಮಿಯಂ ಏರಲ್ವಾ?" ಏರುತ್ತೆ ಕಣೋ. ನ್ಯೂಯಾರ್ಕಲ್ಲಿ ಮೆಡಿಗ್ಯಾಪ್ ದುಬಾರಿ, ಅದನ್ನ ಮುಚ್ಚಿಡಲ್ಲ. ಆದ್ರೆ ಲೆಕ್ಕ ಕೇಳೋದಾದ್ರೆ ಎರಡೂ ಕಡೆ ಕೇಳು. ಸಂಸತ್ತಿಗೆ ಸಲಹೆ ಕೊಡೋ ಮೆಡ್‌ಪ್ಯಾಕ್ ಆಯೋಗದ 2025ರ ಅಂದಾಜಿನ ಪ್ರಕಾರ, ಅದೇ ಜನ ಒರಿಜಿನಲ್ ಮೆಡಿಕೇರಲ್ಲಿ ಇದ್ದಿದ್ರೆ ಆಗ್ತಿದ್ದ ಖರ್ಚಿಗಿಂತ ಸುಮಾರು 20 ಪರ್ಸೆಂಟ್ ಹೆಚ್ಚು, ಅಂದ್ರೆ ಒಂದೇ ವರ್ಷಕ್ಕೆ 8,400 ಕೋಟಿ ಡಾಲರ್, ಸರ್ಕಾರ ಅಡ್ವಾಂಟೇಜ್ ಪ್ಲಾನುಗಳಿಗೆ ಕೊಡುತ್ತೆ. ಆ ಹಲ್ಲು, ಆ ಕನ್ನಡಕ, ಆ ಸೊನ್ನೆ ಬರೋದು ಎಲ್ಲಿಂದ ಅಂದ್ಕೊಂಡಿದ್ದೀಯ? ಒಳಗೆ ಕರೆಯೋಕೆ ಇಷ್ಟು ದುಡ್ಡಿದೆ. ಹೊರಗೆ ಹೋಗೋರಿಗೆ ಒಂದು ಬಾಗಿಲು ತೆರೆದಿಡೋಕೆ ಮಾತ್ರ ಲೆಕ್ಕಾಚಾರ ನೆನಪಾಗುತ್ತೆ.

ಬೇಡ, ಅಷ್ಟೂ ಬೇಡ. ನಿನ್ನ ಡಾಕ್ಟರು ನೆಟ್‌ವರ್ಕಿಂದ ಹೋದ ದಿನ ನಿನಗೂ ಹೋಗೋ ಹಕ್ಕು, ಪ್ರಶ್ನೆ ಇಲ್ಲದೆ ಮೆಡಿಗ್ಯಾಪ್. ನಾನು ಕೇಳ್ತಿರೋದು ಇಷ್ಟು. ಪ್ಲಾನ್ ಪೂರ್ತಿ ಮುಚ್ಚಿದ್ರೆ ಈ ಹಕ್ಕು ಈಗಲೂ ಸಿಗುತ್ತೆ (63 ದಿನ ಮಾತ್ರ, ಆ ಪತ್ರ ಬಂದ್ರೆ ಎಸೀಬೇಡಿ). ರೋಗಿ ಪಾಲಿಗೆ ಪ್ಲಾನ್ ಮುಚ್ಚೋದಕ್ಕೂ ಅವನ ಹಾರ್ಟ್ ಡಾಕ್ಟರು ಹೋಗೋದಕ್ಕೂ ಏನು ವ್ಯತ್ಯಾಸ?

6/8

ಏಜೆಂಟ್ ಅಂಕಲ್ ಬಗ್ಗೆ. ಅವರು ಕೆಟ್ಟೋರಲ್ಲ. ದೊಡ್ಡಪ್ಪ ಆಸ್ಪತ್ರೇಲಿದ್ದಾಗ ಎರಡು ದಿನ ಮನೆಗೆ ಸಾರು ಅನ್ನ ಕಳಿಸಿದ್ರು.

ಆದ್ರೆ ಲೆಕ್ಕ ಗೊತ್ತಿರ್ಲಿ. ಅಡ್ವಾಂಟೇಜಿಗೆ ಹೊಸದಾಗಿ ಒಬ್ಬರನ್ನ ಸೇರಿಸಿದ್ರೆ 2025ರಲ್ಲಿ ಏಜೆಂಟಿಗೆ ಕೊಡಬಹುದಾದ ಗರಿಷ್ಠ ಕಮಿಷನ್ ಹೆಚ್ಚಿನ ರಾಜ್ಯಗಳಲ್ಲಿ 626 ಡಾಲರ್, ನ್ಯೂಜೆರ್ಸಿ ಮತ್ತು ಕ್ಯಾಲಿಫೋರ್ನಿಯಾದಲ್ಲಿ 780. ಆಮೇಲೆ ನೀವು ಅದರಲ್ಲೇ ಇದ್ದಷ್ಟು ವರ್ಷ ಅದರ ಅರ್ಧ. "ನಿಮ್ಮ ಹಳೇ ಪಾಲಿಸೀನೇ ಇಟ್ಕೊಳ್ಳಿ ಸಾರ್" ಅನ್ನೋದಕ್ಕೆ ಹೊಸ ಕಮಿಷನ್ ಯಾರೂ ಕೊಡಲ್ಲ. ನಾನು ಹೇಳೋದು ಇಷ್ಟೇ: ಅಂಗಡಿಯವರನ್ನ ಅಂಗಡಿ ವಿಷಯದಲ್ಲಿ ಸಲಹೆ ಕೇಳಿದ್ರೆ ಸಾಮಾನು ಬರುತ್ತೆ.

ಪ್ರತಿ ರಾಜ್ಯದಲ್ಲೂ ಶಿಪ್ ಅಂತ ಸರ್ಕಾರಿ ದುಡ್ಡಲ್ಲಿ ನಡೆಯೋ ಉಚಿತ ಸಲಹೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಹೆಸರು ಹೈಕ್ಯಾಪ್. ಅಲ್ಲಿ ಕೂರೋರು ಏನನ್ನೂ ಮಾರಲ್ಲ, ಅವರಿಗೆ ಕಮಿಷನ್ ಇಲ್ಲ. ನಮ್ಮ ಸಮುದಾಯದಲ್ಲಿ ಎಷ್ಟು ಜನಕ್ಕೆ ಅದರ ಹೆಸರು ಗೊತ್ತು? ದೇವಸ್ಥಾನದ ನೋಟಿಸ್ ಬೋರ್ಡಲ್ಲಿ ರಿಯಲ್ ಎಸ್ಟೇಟ್ ಕಾರ್ಡ್ ಹತ್ತಿರುತ್ತೆ, ಇದು ಒಂದೂ ಇರಲ್ಲ.

7/8

ಊರಿಗೆ ಹೋಗಿ ಬರೋರ ಮನೆಯೋರಿಗೆ ಮಾತ್ರ. ಅಂದ್ರೆ ನಮ್ಮೆಲ್ಲರಿಗೂ.

ಅಜ್ಜ ಅಜ್ಜಿ ಚಳಿ ಶುರುವಾದ ಕೂಡ್ಲೇ ಮೈಸೂರಿಗೆ ಹೊರಡ್ತಾರೆ, ಮಾವಿನಹಣ್ಣು ಮುಗಿಸ್ಕೊಂಡು ಬರ್ತಾರೆ. ಅಡ್ವಾಂಟೇಜ್ ಪ್ಲಾನಿನ ಸೇವಾ ಪ್ರದೇಶದಿಂದ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ರೆ ಸಾಮಾನ್ಯವಾಗಿ ಪ್ಲಾನಿಂದ ತೆಗೀತಾರೆ. ಇದು ಎಷ್ಟೋ ಮನೇಲಿ ಗೊತ್ತೇ ಇಲ್ಲ.

ಒರಿಜಿನಲ್ ಮೆಡಿಕೇರ್ ಭಾರತದ ಆಸ್ಪತ್ರೆ ಬಿಲ್ ಕೊಡಲ್ಲ. ಕೆಲವು ಅಡ್ವಾಂಟೇಜ್ ಪ್ಲಾನ್ ಹೊರದೇಶದ ತುರ್ತು ಚಿಕಿತ್ಸೆಗೆ ಕೊಡ್ತವೆ, ನಿಮ್ಮದರಲ್ಲಿ ಇದೆಯಾ ನೋಡಿ. ದೊಡ್ಡಪ್ಪ ಬಿಟ್ಟ ಪ್ಲಾನ್ ಜಿ ಒಳಗೆ ಇತ್ತು: ಪ್ರವಾಸದ ಮೊದಲ 60 ದಿನದಲ್ಲಿ ಶುರುವಾದ ತುರ್ತು ಚಿಕಿತ್ಸೆಗೆ, 250 ಡಾಲರ್ ಕಳೆದು 80 ಪರ್ಸೆಂಟ್, ಜೀವಮಾನಕ್ಕೆ 50 ಸಾವಿರ ಡಾಲರ್ ತನಕ. ಇದ್ದದ್ದು ಗೊತ್ತಾಗಿದ್ದು ಬಿಟ್ಟು ಎರಡು ವರ್ಷ ಆದ ಮೇಲೆ, ನಾನು ಹಳೇ ಫೈಲ್ ತೆಗೆದಾಗ. ದೊಡ್ಡಪ್ಪ ಕನ್ನಡಕ ತೆಗೆದು ಒರೆಸ್ಕೊಂಡ್ರು, ಏನೂ ಮಾತಾಡ್ಲಿಲ್ಲ. ಆ ಕನ್ನಡಕ ಹೊಸ ಪ್ಲಾನಿಂದು.

8/8

ಈಗ ನಮ್ಮ ಸರದಿ. ಬೈಸ್ಕೊಳ್ಳಿ.

ಕೆಎಫ್‌ಎಫ್ ಸಂಸ್ಥೆಯ ವಿಶ್ಲೇಷಣೆಯೊಂದರ ಪ್ರಕಾರ ಮೆಡಿಕೇರಲ್ಲಿರೋ ಹತ್ತರಲ್ಲಿ ಸುಮಾರು ಏಳು ಜನ ಆ ಅಕ್ಟೋಬರ್-ಡಿಸೆಂಬರ್ ಅವಧಿಯಲ್ಲಿ ಪ್ಲಾನುಗಳನ್ನ ಹೋಲಿಸಿಯೇ ನೋಡಲ್ಲ. ನೋಡೋದಾದ್ರೂ ಹೆಂಗೆ? ಸೆಪ್ಟೆಂಬರ್ ಕೊನೆ ಒಳಗೆ ಮುಂದಿನ ವರ್ಷ ಏನೇನು ಬದಲಾಗುತ್ತೆ ಅನ್ನೋ ಪತ್ರ ಪ್ಲಾನಿಂದ ಬರುತ್ತೆ. ಹತ್ತಾರು ಪುಟ, ಸಣ್ಣಕ್ಷರ, ವಕೀಲರ ಇಂಗ್ಲಿಷ್. ಅದನ್ನ ಓದಬೇಕಾದೋರು ಪೊರೆ ಬಂದ ಕಣ್ಣಿನ ಎಪ್ಪತ್ತೆರಡು ವರ್ಷದೋರು. ಪಕ್ಕದ ರೂಮಲ್ಲಿ ನಾವು, ಇಯರ್‌ಫೋನ್ ಆರಿಸೋಕೆ ನಲವತ್ತು ರಿವ್ಯೂ ನೋಡ್ತಾ. 2023ರ ಆ ವಾರ ದೊಡ್ಡಪ್ಪ ನನ್ನ ಕರೆದಿದ್ರು, "ಇದೊಂಚೂರು ನೋಡು ಬಾ" ಅಂತ. ನನಗೆ ಮಿಡ್‌ಟರ್ಮ್ ಇತ್ತು. "ಝೀರೋ ಪ್ರೀಮಿಯಂ ಅಲ್ವಾ ದೊಡ್ಡಪ್ಪ, ತಗೊಳ್ಳಿ" ಅಂದಿದ್ದೆ. ಹೌದು, ನಾನೇ.

ಹಾಗಾಗಿ ಈ ವಾರ ನೀವು ಮಾಡ್ಬೇಕಾದ್ದು: ಮಾತ್ರೆ ಡಬ್ಬಿಗಳನ್ನೆಲ್ಲ ಟೇಬಲ್ ಮೇಲೆ ಸುರಿದು ಹೆಸರು, ಮಿಲಿಗ್ರಾಂ ಬರ್ಕೊಳ್ಳಿ. ಡಾಕ್ಟರ ಹೆಸರು ಬರ್ಕೊಳ್ಳಿ. ಮೆಡಿಕೇರ್ ಡಾಟ್ ಗವ್ ಒಳಗೆ ಪ್ಲಾನ್ ಹೋಲಿಸೋ ಜಾಗ ಇದೆ, ಅಲ್ಲಿ ಹಾಕಿ. ವೆಬ್‌ಸೈಟಿನ ಡಾಕ್ಟರ ಪಟ್ಟಿ ನಂಬ್ಬೇಡಿ, ಡಾಕ್ಟರ ಆಫೀಸಿಗೇ ಫೋನ್ ಮಾಡಿ. ಕಂಪನಿ ಹೆಸರು ಹೇಳಿದ್ರೆ "ತಗೋತೀವಿ" ಅಂತಾರೆ. ಕಾರ್ಡಿನ ಮೇಲಿರೋ ಪ್ಲಾನಿನ ಪೂರ್ತಿ ಹೆಸರು ಓದಿ, 2026ಕ್ಕೆ ಇರ್ತೀರಾ ಅಂತ ಕೇಳಿ. ಒಂದು ಅಡ್ವಾಂಟೇಜಿಂದ ಇನ್ನೊಂದಕ್ಕೆ ಹೋಗೋದಾದ್ರೆ ಹಳೇದನ್ನ ನೀವಾಗಿ ಕ್ಯಾನ್ಸಲ್ ಮಾಡ್ಬೇಡಿ, ಹೊಸದಕ್ಕೆ ಸೇರಿದ್ರೆ ಹಳೇದು ತಾನೇ ಬಿಡುತ್ತೆ. ಮೆಡಿಗ್ಯಾಪ್ ಇರೋರು ಅದನ್ನ ಬಿಡೋ ಮುಂಚೆ 4ನೇ ಪೋಸ್ಟ್ ಇನ್ನೊಮ್ಮೆ ಓದಿ. 1-800-ಮೆಡಿಕೇರಿಗೆ ಫೋನ್ ಮಾಡಿದ್ರೆ ಇಂಟರ್‌ಪ್ರಿಟರ್ ಬೇಕು ಅಂತ ಕೇಳಬಹುದು, ಅಜ್ಜಿ ಪಕ್ಕದಲ್ಲೇ ಕೂತಿರ್ಬೇಕು, ಅವರ ಒಪ್ಪಿಗೆ ಇಲ್ಲದೆ ನಿಮ್ಮ ಜೊತೆ ಮಾತಾಡಲ್ಲ.

ದೊಡ್ಡಪ್ಪಂದು ಇನ್ನೂ ಮುಗಿದಿಲ್ಲ. ಹಾರ್ಟ್ ಡಾಕ್ಟರು ಸಿಗೋ ಎರಡು ಅಡ್ವಾಂಟೇಜ್ ಪ್ಲಾನ್ ಉಳ್ಕೊಂಡಿವೆ. ಒಂದರಲ್ಲಿ ರಕ್ತ ತೆಳು ಮಾಡೋ ಮಾತ್ರೆ ದುಬಾರಿ, ಇನ್ನೊಂದರಲ್ಲಿ ದೊಡ್ಡಮ್ಮನ ಮಂಡಿ ಡಾಕ್ಟರು ಇಲ್ಲ. ಅದಕ್ಕೆ ಇಬ್ಬರೂ ಬೇರೆ ಬೇರೆ ಪ್ಲಾನ್ ತಗೊಂಡ್ರೆ ಹೇಗೆ ಅಂತ ನೋಡ್ತಿದ್ದೀವಿ. ಮಾಡಬಹುದು, ಗಂಡ ಹೆಂಡತಿ ಒಂದೇ ಪ್ಲಾನಲ್ಲಿ ಇರಬೇಕು ಅಂತೇನಿಲ್ಲ. ಶಿಪ್‌ನೋರು ಮಂಗಳವಾರ ಹತ್ತೂವರೆಗೆ ಟೈಮ್ ಕೊಟ್ಟಿದ್ದಾರೆ. ಅವತ್ತು ನನಗೆ ಕ್ಲಾಸ್ ಇದೆ, ಹೋಗಲ್ಲ.

#ಮೆಡಿಕೇರ್ #ಡಿಸೆಂಬರ್7 #ಅಜ್ಜಿಪಕ್ಕಕೂರಿ #ನ್ಯೂಜೆರ್ಸಿಕನ್ನಡಿಗರು #ಭಾನುವಾರದಕ್ಲಾಸ್